ಹೊಟ್ಟೆನೋವು ತಾಳಲಾರದೆ

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ಓದಿ ಬೆಳೆದವರಿಗೆ ಕೆಲವು ವಾಕ್ಯಗಳು ಬಾಯಿಪಾಠವಾಗಿರುತ್ತವೆ. ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ.’ ‘ಕಾಲು ಜಾರಿ ಬಾವಿಗೆ ಬಿದ್ದು ಮಹಿಳೆ ಸಾವು.’ ‘ಸ್ಟವ್ ಸಿಡಿದು ನವವಿವಾಹಿತೆ ಸಾವು.’ ‘ಜೀವನದಲ್ಲಿ ಜಿಗುಪ್ಸೆಗೊಂಡು ರೈತ ನೇಣಿಗೆ ಶರಣು.’ ಹೆಸರು, ವಯಸ್ಸು, ಊರು ಬದಲಾಗುತ್ತವೆ, ವಾಕ್ಯ ಬದಲಾಗುವುದಿಲ್ಲ. ನಾನು ಕಚೇರಿ ಕನ್ನಡದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಮಹಜರು, ಪಂಚನಾಮೆ, ಹೇಳಿಕೆ, ವರದಿ, ಇವುಗಳ ವಾಕ್ಯರಚನೆಯೇ ನನ್ನ ವಿಷಯ. ನನ್ನ ಮಾರ್ಗದರ್ಶಕರಿಗೆ ಬೇಕಾಗಿರುವುದು ಕ್ರಿಯಾಪದಗಳ ಪಟ್ಟಿ. ಅದನ್ನು ಕೊಡುತ್ತೇನೆ. ಆದರೆ ಆ ಪಟ್ಟಿ ಮಾಡುವಾಗ ಹುಟ್ಟಿಕೊಂಡ ಜಗಳವೊಂದಿದೆ. ಅದಕ್ಕೆ ಮಹಾಪ್ರಬಂಧದಲ್ಲಿ ಜಾಗವಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಜಗಳ ಮುಖ್ಯವಾಗಿ ಒಂದು ವಾಕ್ಯದ ಜೊತೆ. ಯಾವುದೇ ಅನುಮಾನದ ಸಾವಾಗಲಿ, ಶವಾಗಾರದ ಮುಂದೆ ಮೈಕ್ ಹಿಡಿದ ವರದಿಗಾರರು ಹೇಳುವ ಮಾತು: ‘ಮರಣೋತ್ತರ ಪರೀಕ್ಷೆಯ ವರದಿ ಬಂದ ಬಳಿಕವಷ್ಟೇ ಸತ್ಯಾಂಶ ಹೊರಬೀಳಲಿದೆ.’ ಎಸ್‌ಪಿಯವರೂ ಅದನ್ನೇ ಹೇಳುತ್ತಾರೆ, ಮಂತ್ರಿಗಳೂ ಹೇಳುತ್ತಾರೆ, ಮನೆಯಲ್ಲಿ ಟಿ.ವಿ. ನೋಡುತ್ತಿರುವ ನಾವೂ ಒಪ್ಪಿ ತಲೆಯಾಡಿಸುತ್ತೇವೆ. ಈ ವಾಕ್ಯ ಅರ್ಧ ಸುಳ್ಳು. ಆ ಸುಳ್ಳಿನ ಅರ್ಧವೇ ನಮ್ಮ ಸಾವಿರಾರು ಫೈಲುಗಳನ್ನು ಸದ್ದಿಲ್ಲದೆ ಮುಚ್ಚಿಸುತ್ತಿದೆ ಎನ್ನುವುದು ನನ್ನ ವಾದ.

ನ್ಯಾಯವೈದ್ಯಶಾಸ್ತ್ರದ ಮೊದಲ ಪಾಠ ಸಾವಿನ ಕಾರಣ ಬೇರೆ, ಸಾವಿನ ಬಗೆ ಬೇರೆ ಎನ್ನುವುದು. ನೀರಿನಲ್ಲಿ ಮುಳುಗಿ ಉಸಿರುಗಟ್ಟಿದ್ದು ಕಾರಣ. ಆ ನೀರಿಗೆ ಕಾಲು ಜಾರಿದ್ದೋ, ತಾವೇ ಹಾರಿದ್ದೋ, ಯಾರಾದರೂ ನೂಕಿದ್ದೋ ಎನ್ನುವುದು ಬಗೆ. ಕಾರಣ ದೇಹದ ಒಳಗಿರುತ್ತದೆ. ಬಗೆ ಬಹಳ ಸಲ ದೇಹದ ಹೊರಗೆ, ಬಾವಿಯ ಕಟ್ಟೆಯ ಮೇಲೆ, ಹಿಂದಿನ ರಾತ್ರಿಯ ಜಗಳದಲ್ಲಿ, ಪಕ್ಕದ ಮನೆಯವರ ಬಾಯಲ್ಲಿ ಇರುತ್ತದೆ. ಅಮೆರಿಕದ ಮರಣ ಪ್ರಮಾಣಪತ್ರದಲ್ಲಿ ಈ ಬಗೆಗೆಂದೇ ಚೌಕಗಳಿವೆ: ಸಹಜ, ಅಪಘಾತ, ಆತ್ಮಹತ್ಯೆ, ಹತ್ಯೆ, ನಿರ್ಧರಿಸಲಾಗಿಲ್ಲ. ತನಿಖೆ ಮುಗಿಯದಿದ್ದರೆ ಬಾಕಿ ಎಂದು ಗುರುತು ಹಾಕಲು ಇನ್ನೊಂದು. ಅಲ್ಲಿ ಮೆಡಿಕಲ್ ಎಕ್ಸಾಮಿನರ್ ಅಥವಾ ಕರೋನರ್ ಇದನ್ನು ತುಂಬುತ್ತಾರೆ, ಸ್ಥಳದ ಮಾಹಿತಿಯನ್ನೂ ಇಟ್ಟುಕೊಂಡು. ಅಲ್ಲಿ ‘ಹತ್ಯೆ’ ಎಂದು ಬರೆದರೆ ಯಾರೋ ಅಪರಾಧಿ ಎಂದು ಅರ್ಥವಲ್ಲ, ಇನ್ನೊಬ್ಬ ಮನುಷ್ಯನ ಕೈಯಿಂದ ಆದ ಸಾವು ಎಂದಷ್ಟೇ. ಅಪರಾಧ ಹೌದೋ ಅಲ್ಲವೋ ನ್ಯಾಯಾಲಯಕ್ಕೆ ಬಿಟ್ಟದ್ದು.

ನಮ್ಮಲ್ಲಿ? ನಮ್ಮಲ್ಲಿ ಶವಪರೀಕ್ಷೆ ಮಾಡುವ ವೈದ್ಯರು ಸಾಮಾನ್ಯವಾಗಿ ಕಾರಣ ಬರೆದು ನಿಲ್ಲುತ್ತಾರೆ. ‘ಮುಳುಗುವಿಕೆಯಿಂದ ಉಂಟಾದ ಉಸಿರುಗಟ್ಟುವಿಕೆ.’ ಮುಂದಿನದು ಪೊಲೀಸರಿಗೆ. ಅವರು ಅದಕ್ಕೂ ಮೊದಲೇ ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಪ್ರಕರಣ ದಾಖಲಿಸಿ, ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನ ಪ್ರಕಾರ (2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194) ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮ್ಮುಖದಲ್ಲಿ ಪಂಚನಾಮೆ ಮುಗಿಸಿರುತ್ತಾರೆ. ಕಾನೂನು ಕೇಳುವುದು ಮೇಲ್ನೋಟಕ್ಕೆ ಕಾಣುವ ಕಾರಣವನ್ನು ಮಾತ್ರ. ಪೆದ್ದ ನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1975ರಲ್ಲೇ ಈ ತನಿಖೆಯ ವ್ಯಾಪ್ತಿ ಬಹಳ ಸೀಮಿತ ಎಂದು ಹೇಳಿದೆ. ಆದರೆ ಮೇಲ್ನೋಟ ಎಂದು ಬರೆದದ್ದೇ ಕೊನೆಯ ನೋಟವಾಗುತ್ತದೆ. ವೈದ್ಯರು ‘ಬಗೆ ಪೊಲೀಸರ ಕೆಲಸ’ ಎನ್ನುತ್ತಾರೆ. ಪೊಲೀಸರು ‘ಡಾಕ್ಟ್ರು ಬೇರೇನೂ ಬರೆದಿಲ್ಲವಲ್ಲ’ ಎನ್ನುತ್ತಾರೆ. ಇಬ್ಬರೂ ಹೇಳುವುದು ನಿಜ. ಈ ಎರಡು ನಿಜಗಳ ಸಂದಿಯಲ್ಲಿ ಹೆಣ ಬಿದ್ದಿರುತ್ತದೆ.

ನನಗೆ ಇದು ಪುಸ್ತಕದಿಂದ ತಿಳಿದದ್ದಲ್ಲ. 2005ರಲ್ಲಿ, ನಾನು ಮೂರನೇ ತರಗತಿಯಲ್ಲಿದ್ದಾಗ, ನನ್ನ ಚಿಕ್ಕಮ್ಮ ಗಂಡನ ಊರಿನಲ್ಲಿ ತೋಟದ ಬಾವಿಗೆ ಬಿದ್ದು ತೀರಿಕೊಂಡಳು. ತಾತನಿಗೆ ಸುದ್ದಿ ಮುಟ್ಟಿ, ಬಸ್ಸು ಹಿಡಿದು ತಾಲ್ಲೂಕು ಆಸ್ಪತ್ರೆ ತಲುಪುವಾಗ ಮಧ್ಯಾಹ್ನ ಮೂರು ದಾಟಿತ್ತು. ಕತ್ತಲಾದರೆ ಪೋಸ್ಟ್‌ಮಾರ್ಟಂ ನಾಳೆಗೆ ಎಂದರು. ಆಗಿನ ನಿಯಮವೂ ಹಾಗೇ ಇತ್ತು. (2021ರ ನವೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ರಾತ್ರಿಯೂ ಮಾಡಬಹುದೆಂದಿತು. ಆದರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವುಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿತು.) ಬೆಳಗಿನಿಂದ ಬಿಸಿಲಲ್ಲಿದ್ದ ದೇಹ. ಇನ್ನೂ ಒಂದು ರಾತ್ರಿ ಎಂದರೆ ತಾತ ನಡುಗಿದ. ‘ಯಾರ ಮೇಲೂ ಅನುಮಾನವಿರುವುದಿಲ್ಲ’ ಎಂದು ಬರೆದಿದ್ದ ಹಾಳೆಗೆ ಸಹಿ ಹಾಕಿದ. ಆ ಹಾಳೆ ಅವನು ಬರುವ ಮೊದಲೇ ಸಿದ್ಧವಾಗಿತ್ತು ಎಂದು ಸಾಯುವತನಕ ಹೇಳುತ್ತಿದ್ದ.

ಪಂಚನಾಮೆಯ ಜೆರಾಕ್ಸ್ ಪ್ರತಿ ಅಮ್ಮನ ಟ್ರಂಕಿನಲ್ಲಿತ್ತು. ಎರಡು ವರ್ಷದ ಹಿಂದೆ, ಸಂಶೋಧನೆಯ ನೆಪದಲ್ಲಿ, ಕೇಳಿ ಪಡೆದುಕೊಂಡೆ. ಓದಿದರೆ ಗಾಬರಿಯಾಗುವಷ್ಟು ವಿವರ. ಸೀರೆಯ ಬಣ್ಣ, ಅಂಚು, ರವಿಕೆಯ ಗುಂಡಿ, ಕಾಲುಂಗುರ. ಎಡಗೈಯಲ್ಲಿ ಆರು ಹಸಿರು ಗಾಜಿನ ಬಳೆ, ಬಲಗೈಯಲ್ಲಿ ನಾಲ್ಕು. ಇಷ್ಟೆಲ್ಲ ಕಂಡ ಕಣ್ಣು ಸಾವಿನ ಬಗೆಗೆ ಬಂದಾಗ ಅರ್ಧ ಸಾಲಿನಲ್ಲಿ ಮುಗಿಸುತ್ತದೆ: ‘ಪಂಚರ ಅಭಿಪ್ರಾಯದಲ್ಲಿ ಮೃತಳು ನೀರು ಸೇದಲು ಹೋದಾಗ ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾಳೆ.’ ಆ ಪಂಚರಲ್ಲಿ ಒಬ್ಬರು ಚಿಕ್ಕಪ್ಪನ ದಾಯಾದಿ. ಇನ್ನೊಬ್ಬರು ಬಸ್‌ಸ್ಟ್ಯಾಂಡಿನ ಅಂಗಡಿಯವರು, ಬಾವಿಯ ಹತ್ತಿರ ಹೋಗಿದ್ದರೋ ಇಲ್ಲವೋ ಹಾಳೆಯಿಂದ ತಿಳಿಯುವುದಿಲ್ಲ. ಅದೇ ಟ್ರಂಕಿನಲ್ಲಿ ಮರುದಿನದ ಪತ್ರಿಕೆಯ ತುಣುಕೂ ಇದೆ. ಅದರಲ್ಲಿ ಚಿಕ್ಕಮ್ಮ ‘ಹೊಟ್ಟೆನೋವು ತಾಳಲಾರದೆ ಬಾವಿಗೆ ಹಾರಿ’ ಸತ್ತಿದ್ದಾಳೆ. ಒಂದೇ ಠಾಣೆ, ಒಂದೇ ಬಾವಿ, ಒಂದೇ ಹೆಂಗಸು, ಎರಡು ಬಗೆ. ಎರಡನ್ನೂ ಯಾರೂ ಪಕ್ಕಪಕ್ಕ ಇಟ್ಟು ಓದಲಿಲ್ಲ.

ಬಲಗೈಯ ಎರಡು ಬಳೆ ಎಲ್ಲಿ ಹೋದವು ಎಂದು ಮೊದಲ ಸಲ ಓದಿದಾಗ ನನ್ನ ಮೈ ಬಿಸಿಯಾಯಿತು. ಆಮೇಲೆ ನಾಚಿಕೆಯೂ ಆಯಿತು. ಹಗ್ಗ ಕಟ್ಟಿ ಮೇಲೆತ್ತುವಾಗ ಒಡೆದಿರಬಹುದು. ಹಿಂದಿನ ವಾರ ಪಾತ್ರೆ ತೊಳೆಯುವಾಗ ಒಡೆದಿರಬಹುದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ಮನೆಯಲ್ಲಿ ಹುಟ್ಟಿದವರಿಗೆ ಈ ಚಾಳಿ ಸಹಜ: ಒಂದು ಬಳೆಚೂರು ಸಿಕ್ಕರೆ ಕೊಲೆಗಾರ ಸಿಕ್ಕಂತೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಮ್ಮ ತಪ್ಪೂ ಇಲ್ಲೇ ಇದೆ. ಹೆಣ ಮಾತಾಡುತ್ತದೆ ಎಂದು ನಾವು ಕಥೆಗಳಲ್ಲಿ ಎಷ್ಟು ಸಲ ಬರೆದಿದ್ದೇವೆಂದರೆ, ಅದು ಮಾತಾಡದಿದ್ದಾಗ ಪರಿಸ್ಥಿತಿ ಏನು ಎಂದು ಕೇಳುವುದನ್ನೇ ಮರೆತಿದ್ದೇವೆ.

ಹೆಣ ಕೆಲವು ಸಲ ನಿಜವಾಗಿಯೂ ಮಾತಾಡುತ್ತದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಸತ್ತ ಮೇಲೆ ಸುಟ್ಟ ದೇಹದ ಶ್ವಾಸನಾಳದಲ್ಲಿ ಮಸಿ ಇರುವುದಿಲ್ಲ, ಜೀವಂತ ಉಸಿರಾಡುತ್ತ ಬೆಂದವರಲ್ಲಿ ಇರುತ್ತದೆ. ಕುತ್ತಿಗೆಯ ಗುರುತು ಓರೆಯಾಗಿ ಮೇಲೆ ಏರಿದೆಯೋ, ಅಡ್ಡಲಾಗಿ ಸುತ್ತ ಹರಿದಿದೆಯೋ ಎನ್ನುವುದರಿಂದ ನೇಣು ಯಾವುದು, ಬಿಗಿದು ಕೊಂದದ್ದು ಯಾವುದು ಎಂದು ಅನುಭವಿ ವೈದ್ಯರು ಬಹಳ ಸಲ ಹೇಳಬಲ್ಲರು. ಆದರೆ ಬಾವಿ? ಬಾಯಿ ಮೂಗಿನಲ್ಲಿ ನೊರೆ, ಉಬ್ಬಿದ ಶ್ವಾಸಕೋಶ, ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಇವೆಲ್ಲ ಸಿಕ್ಕರೂ ಹೆಚ್ಚೆಂದರೆ ನೀರಿಗೆ ಬೀಳುವಾಗ ಜೀವವಿತ್ತು ಎನ್ನಬಹುದು. ಸುಕ್ಕುಗಟ್ಟಿದ ಅಂಗೈ ಹೇಳುವುದು ನೀರಲ್ಲಿತ್ತು ಎಂದಷ್ಟೇ, ಸತ್ತ ಮೇಲೆ ಹಾಕಿದರೂ ಹಾಗೇ ಸುಕ್ಕುಗಟ್ಟುತ್ತದೆ. ಜಾರಿದವಳ ಶ್ವಾಸಕೋಶಕ್ಕೂ ಹಾರಿದವಳ ಶ್ವಾಸಕೋಶಕ್ಕೂ ಹಿಂದಿನಿಂದ ಮೆಲ್ಲಗೆ ನೂಕಿಸಿಕೊಂಡವಳ ಶ್ವಾಸಕೋಶಕ್ಕೂ ವ್ಯತ್ಯಾಸವಿಲ್ಲ. ಬೆಂಕಿಯೂ ಹಾಗೆಯೇ. ಸೀಮೆಎಣ್ಣೆ ಮೈಮೇಲೆ ಬಿದ್ದಿತ್ತೆಂದು ಚರ್ಮ ಹೇಳೀತು, ಸುರಿದ ಕೈ ಯಾರದೆಂದು ಹೇಳುವುದಿಲ್ಲ.

ಅದನ್ನು ಹೇಳಬೇಕಾದ್ದು ಸುಟ್ಟವಳೇ, ಮರಣಪೂರ್ವ ಹೇಳಿಕೆಯಲ್ಲಿ. ಅದನ್ನು ಅವಳು ಕೊಡುವುದು ಗಂಡನ ಕಡೆಯವರು ಬಾಗಿಲಲ್ಲಿ ನಿಂತಿರುವ ವಾರ್ಡಿನಲ್ಲಿ, ಮಕ್ಕಳು ಇನ್ನು ಯಾರ ಮನೆಯಲ್ಲಿ ಉಣ್ಣಬೇಕೆಂದು ಯೋಚಿಸುತ್ತ. ‘ಸ್ಟವ್ ಸಿಡಿಯಿತು.’ 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಇಂಥ ಸಾವುಗಳನ್ನು ದಾಖಲಿಸತೊಡಗಿದ ಮೇಲೆಯೇ, ಈ ಸ್ಟವ್‌ಗಳು ಸೊಸೆಯಂದಿರ ಕೈಯಲ್ಲೇ ಏಕೆ ಸಿಡಿಯುತ್ತವೆ ಎಂಬ ಪ್ರಶ್ನೆ ನಮ್ಮಲ್ಲಿ ಗಟ್ಟಿಯಾಗಿ ಕೇಳಿಬಂದದ್ದು. 2009ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನಂತೆ 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ 1,63,000ಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಸುಮಾರು 1,06,000 ಮಂದಿ ಹೆಂಗಸರು. ಪೊಲೀಸ್ ಲೆಕ್ಕದ ಆರು ಪಟ್ಟು ಇದು. ಬಗೆ ತಪ್ಪಾಗಿ ಬರೆಯುವ ಮಾತು ಹಾಗಿರಲಿ, ಸಾವೇ ಪುಸ್ತಕಕ್ಕೆ ಏರುವುದಿಲ್ಲ.

ಈಗ ಹೊಟ್ಟೆನೋವಿಗೆ ಬರುತ್ತೇನೆ. ಇದನ್ನು ಬರೀ ಗೇಲಿ ಮಾಡಿ ಮುಗಿಸುವುದು ಸುಲಭ, ನಾನೂ ಮಾಡಿದ್ದೇನೆ. ಆದರೆ ಹೊಟ್ಟೆನೋವು ಎಷ್ಟೋ ಹೆಂಗಸರಿಗೆ ನಿಜವಾಗಿಯೂ ಇರುತ್ತದೆ. ಮುಟ್ಟಿನ ನೋವು, ಗರ್ಭಕೋಶದ ಕಾಯಿಲೆ, ಯಾವ ಡಾಕ್ಟರಿಗೂ ತೋರಿಸದೆ ಹದಿನೈದು ವರ್ಷ ಹೊತ್ತು ತಿರುಗಿದ್ದು. ಮನಸ್ಸಿನ ಸಂಕಟವನ್ನು ಹೊಟ್ಟೆಯಲ್ಲಿ ಸಂಕಟ ಎಂದೇ ಹೇಳುವ ಭಾಷೆ ನಮ್ಮದು. ಆದ್ದರಿಂದ ಮೃತಳ ಅಣ್ಣ ‘ಹೊಟ್ಟೆನೋವು ಅಂತಿದ್ಳು ಸಾರ್’ ಎಂದರೆ ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನಲಾರೆ. ತಕರಾರು ಇರುವುದು ‘ತಾಳಲಾರದೆ’ ಎಂಬ ಪದದ ಮೇಲೆ. ಅದು ವ್ಯಾಕರಣದಲ್ಲಿ ಒಂದು ನಿಷೇಧ ಕೃದಂತ, ಅಷ್ಟೇ. ಆದರೆ ಎರಡು ಸಂಗತಿಗಳನ್ನು ಕಾರಣ ಮತ್ತು ಕಾರ್ಯವಾಗಿ ಹೊಲಿದುಬಿಡುತ್ತದೆ. ಅವಳಿಗೆ ಹೊಟ್ಟೆನೋವಿತ್ತು, ಅವಳು ಸತ್ತಳು ಎಂಬುದು ಎರಡು ವಾಕ್ಯ, ನಡುವೆ ಪ್ರಶ್ನೆಗೆ ಜಾಗವಿದೆ. ತಾಳಲಾರದೆ ಎಂದೊಡನೆ ಜಾಗ ಮುಚ್ಚಿತು. ಎನ್‌ಸಿಆರ್‌ಬಿಯ 2022ರ ವರದಿಯಲ್ಲಿ ದೇಶದ 1,70,924 ಆತ್ಮಹತ್ಯೆಗಳಲ್ಲಿ ಶೇ 31.7ಕ್ಕೆ ‘ಕೌಟುಂಬಿಕ ಸಮಸ್ಯೆ’, ಶೇ 18.4ಕ್ಕೆ ‘ಅನಾರೋಗ್ಯ’ ಕಾರಣ ಎಂದಿದೆ. ಆ ಅನಾರೋಗ್ಯದ ಕೋಣೆಯಲ್ಲಿ ನಮ್ಮ ಎಷ್ಟು ಹೊಟ್ಟೆನೋವುಗಳು ಕೂತಿವೆಯೋ. ಠಾಣೆಯ ರೈಟರ್ ಒಂದು ಸಂಜೆ ಬರೆದ ಕೃದಂತವೇ ಮೇಲೆ ಹೋಗಿ ಶೇಕಡಾವಾರು ಆಗುತ್ತದೆ, ಅದನ್ನು ನಾವು ವಿಚಾರಸಂಕಿರಣಗಳಲ್ಲಿ ಸ್ಲೈಡ್ ಮಾಡಿ ತೋರಿಸುತ್ತೇವೆ.

ಇದಕ್ಕೆ ಬರುವ ಮಾಮೂಲಿ ಉತ್ತರ: ಸಿಬ್ಬಂದಿ ಹೆಚ್ಚಿಸಿ, ಪ್ರಯೋಗಾಲಯ ಕಟ್ಟಿ, ವಿಜ್ಞಾನ ಬಂದರೆ ಸರಿಹೋಗುತ್ತದೆ. ಬೇಕು, ಖಂಡಿತ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಗ್ಗೆ ಜ್ವರ ಕೆಮ್ಮು ನೋಡಿದ ಎಂಬಿಬಿಎಸ್ ವೈದ್ಯರೇ ಮಧ್ಯಾಹ್ನ ಹೆಣ ನೋಡುವುದು, ಕತ್ತರಿಸುವ ಕೆಲಸವನ್ನು ಬಹಳ ಕಡೆ ಶವಾಗಾರದ ಸಹಾಯಕ ಮಾಡುವುದು, ಎಫ್‌ಎಸ್‌ಎಲ್‌ಗೆ ಹೋದ ಒಳಾಂಗದ ಬಾಟಲಿಯ ವರದಿಗೆ ತಿಂಗಳುಗಟ್ಟಲೆ ಕಾಯುವುದು, ಇವೆಲ್ಲ ಹೋಗಲೇಬೇಕು. ಆದರೆ ಒಳ್ಳೆಯ ಪ್ರಯೋಗಾಲಯ ಕಾರಣವನ್ನು ಖಚಿತಗೊಳಿಸುತ್ತದೆ. ಬಗೆ ಒಂದು ಅಭಿಪ್ರಾಯ, ಅಭಿಪ್ರಾಯಕ್ಕೆ ಒಂದು ಮಾನದಂಡ ಬೇಕು, ಮಾನದಂಡ ಮನುಷ್ಯರು ಇಟ್ಟದ್ದು. ಇಂಗ್ಲೆಂಡನ್ನೇ ನೋಡಿ. ಅಲ್ಲಿ ಕರೋನರ್ ಆತ್ಮಹತ್ಯೆ ಎನ್ನಬೇಕಾದರೆ ಸಂಶಯಾತೀತ ಪುರಾವೆ ಬೇಕೆಂದು ಬಹುಕಾಲ ನಂಬಲಾಗಿತ್ತು. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಸಂಭಾವ್ಯತೆಯ ತೂಕ ಸಾಕು ಎಂದಿತು. ಹೆಣ, ಚಾಕು, ಸೂಕ್ಷ್ಮದರ್ಶಕ ಎಲ್ಲ ಅವೇ. ನಿನ್ನೆ ‘ಹೇಳಲಾಗದು’ ಆಗಬಹುದಿದ್ದ ಸಾವು ಇಂದು ‘ಆತ್ಮಹತ್ಯೆ’ ಆಗಬಹುದು.

ಮಾನದಂಡ ಇಲ್ಲದ ನಮ್ಮಲ್ಲಿ ಆ ಜಾಗವನ್ನು ತುಂಬುವುದು ಅನುಕೂಲ. ಪದಕ್ಕೆ ಬೆಲೆಯಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ ಅಪಘಾತದ ಸಾವಿಗೆ 2 ಲಕ್ಷ, ಆತ್ಮಹತ್ಯೆಗೆ ಏನೂ ಇಲ್ಲ. ಸಾಲಗಾರ ರೈತನ ಮನೆಯಲ್ಲಿ ಉಲ್ಟಾ, ಆತ್ಮಹತ್ಯೆ ಎಂದು ಸಮಿತಿ ಒಪ್ಪಿದರೆ 5 ಲಕ್ಷ ಪರಿಹಾರ. ಒಪ್ಪದಿದ್ದರೆ ಅದೇ ಸಾವು ‘ವೈಯಕ್ತಿಕ ಕಾರಣ’. 2014ರಲ್ಲಿ ಎನ್‌ಸಿಆರ್‌ಬಿ ರೈತರನ್ನೂ ಕೃಷಿ ಕಾರ್ಮಿಕರನ್ನೂ ಬೇರೆ ಬೇರೆ ಕೋಷ್ಟಕಕ್ಕೆ ಹಾಕಿತು. ಹಿಂದಿನ ವರ್ಷ 11,772 ಇದ್ದ ಸಂಖ್ಯೆ ರೈತರ ಹೆಸರಿನಲ್ಲಿ 5,650ಕ್ಕೆ ಇಳಿಯಿತು. ಉಳಿದ 6,710 ಪಕ್ಕದ ಸಾಲಿನಲ್ಲಿತ್ತು. ಮದುವೆಯಾದ ಹೆಣ್ಣಿನ ವಿಷಯದಲ್ಲಿ ಬೆಲೆ ಬೇರೆ ಥರ. 1983ರ ತಿದ್ದುಪಡಿಯ ನಂತರ ಮದುವೆಯಾಗಿ ಏಳು ವರ್ಷದೊಳಗೆ ಅನುಮಾನಾಸ್ಪದವಾಗಿ ಸತ್ತರೆ ಶವಪರೀಕ್ಷೆ ಕಡ್ಡಾಯ, ತಹಶೀಲ್ದಾರರೇ ಬಂದು ಪಂಚನಾಮೆ ಮಾಡುತ್ತಾರೆ. 1986ರಿಂದ ವರದಕ್ಷಿಣೆ ಸಾವಿನ ಕಲಮೂ ಇದೆ. ನನ್ನ ಚಿಕ್ಕಮ್ಮನ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಯಾವ ತಹಶೀಲ್ದಾರರೂ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಸಾಹಿತ್ಯದವರಿಗೆ ಗೊತ್ತಿರುವ ಒಂದು ಸಾವನ್ನು ತೆಗೆದುಕೊಳ್ಳೋಣ. ‘ಕೆರೆಗೆ ಹಾರ’ದ ಭಾಗೀರಥಿ. ಕೆರೆಯಲ್ಲಿ ನೀರು ಬರಲಿಲ್ಲ, ಸೊಸೆಯನ್ನು ಕೊಡಬೇಕೆಂದು ಮಾವ ಮಲ್ಲನಗೌಡನ ಮನೆಯಲ್ಲಿ ತೀರ್ಮಾನವಾಯಿತು. ಪೂಜೆ ಮುಗಿಸಿ ಹೊರಟವರು ಬಟ್ಟಲು ಮರೆತರು, ತರಲು ಕಿರಿಸೊಸೆಯನ್ನು ಕಳಿಸಿದರು, ನೀರು ಏರಿತು. ದಂಡಿನಿಂದ ಬಂದ ಗಂಡ ಮಾದೇವರಾಯ ತಾನೂ ಅದೇ ಕೆರೆಗೆ ಹಾರಿದ. ಈ ಕಥನಗೀತೆಯನ್ನು ತ್ಯಾಗವೆಂದು, ಬಲಿಯೆಂದು, ಪಿತೃಪ್ರಭುತ್ವವೆಂದು ತರಗತಿಯಲ್ಲಿ ಎಷ್ಟು ಸಲ ಚರ್ಚಿಸಿದ್ದೇವೆ! ಈಗ ಅದಕ್ಕೊಂದು ಪಂಚನಾಮೆ ಬರೆಯಿರಿ. ಪಂಚರು ಯಾರು? ಊರಿನ ಗೌರವಸ್ಥರು, ಅಂದರೆ ಕೆರೆಗೆ ನೀರು ಬೇಕಾಗಿದ್ದವರು. ಪೋಸ್ಟ್‌ಮಾರ್ಟಂನಲ್ಲಿ ಏನು ಸಿಗುತ್ತದೆ? ಮುಳುಗಿ ಉಸಿರುಗಟ್ಟಿದ್ದು, ಮೈಮೇಲೆ ಗಾಯವಿಲ್ಲ. ‘ಮೃತಳು ಮರೆತ ಬಟ್ಟಲನ್ನು ತರಲು ಹೋದಾಗ ಆಕಸ್ಮಿಕವಾಗಿ ನೀರಿನಲ್ಲಿ ಮುಳುಗಿ ಮೃತಪಟ್ಟಿರುತ್ತಾಳೆ.’ ಒಂದು ಪದವೂ ಸುಳ್ಳಲ್ಲ. ಮರುದಿನದ ಪುಟದಲ್ಲಿ ಗಂಡನದು: ‘ಪತ್ನಿಯ ಅಗಲಿಕೆಯಿಂದ ಮನನೊಂದು.’ ನಮಗೆ ನಿಜ ತಿಳಿದಿರುವುದು ಆ ಮನೆಯೊಳಗಿನ ಮಾತನ್ನು, ಅವಳು ತವರಿಗೆ ಹೋಗಿ ಅತ್ತದ್ದನ್ನು ಯಾರೋ ಹೆಂಗಸರು ಹಾಡಿ ಉಳಿಸಿದ್ದರಿಂದ. ಹಾಡು ಹೋಗಿ ಕೇಳಿದ ಮನೆಗಳಿಗೆ ತನಿಖೆ ಹೋಗುವುದಿಲ್ಲ.

ನಾನು ಬೇಡುತ್ತಿರುವುದು ದೊಡ್ಡದೇನಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆಯಲು ಒಂದು ಸಾಲು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿಯಲ್ಲಿ ಉದ್ದೇಶ ನಿರ್ಧರಿಸಲಾಗದ ಸಾವುಗಳಿಗೆಂದೇ ವೈ10ರಿಂದ ವೈ34ರವರೆಗೆ ಸಂಕೇತಗಳಿವೆ. ನಮ್ಮ ಆಸ್ಪತ್ರೆಗಳ ಮರಣ ಕಾರಣ ಪ್ರಮಾಣಪತ್ರದ ನಮೂನೆ 4ರಲ್ಲಿ ಸಹಜ, ಅಪಘಾತ, ಆತ್ಮಹತ್ಯೆ, ಹತ್ಯೆ, ತನಿಖೆ ಬಾಕಿ ಎಂದಿದೆ. ತನಿಖೆ ಮುಗಿದೂ ತಿಳಿಯಲಿಲ್ಲ ಎನ್ನಲು ಜಾಗವಿಲ್ಲ. ‘ಹಾಗೆ ಬರೆದರೆ ಮನೆಯವರಿಗೆ ನೆಮ್ಮದಿ ಇರುವುದಿಲ್ಲ’ ಎಂದು ನಿವೃತ್ತ ಅಧಿಕಾರಿಯೊಬ್ಬರು ನನಗೆ ಹೇಳಿದರು, ಒಳ್ಳೆಯ ಮನಸ್ಸಿನಿಂದಲೇ. ನೆಮ್ಮದಿ ಯಾವ ಮನೆಯವರಿಗೆ ಎಂದು ಕೇಳಬೇಕಿತ್ತು, ಕೇಳಲಿಲ್ಲ. ಇನ್ನು ಪಂಚರ ಪಟ್ಟಿಯಲ್ಲಿ ಗಂಡನ ಕಡೆಯವರು ಇರಬಾರದು, ತವರಿನವರ ಹೇಳಿಕೆಯನ್ನು ಹೆಣ ಕೈಗೆ ಕೊಡುವ ಮುಂಚಿನ ಆ ಒಂದು ಗಂಟೆಯಲ್ಲಿ ಪಡೆಯಬಾರದು, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ಶವಪರೀಕ್ಷೆಯ ವರದಿಯಲ್ಲಿ ಏನಿದೆ, ಏನಿಲ್ಲ ಎಂದು ಯಾರಾದರೂ ಕೂತು ಕನ್ನಡದಲ್ಲಿ ಹೇಳಬೇಕು. ಪತ್ರಿಕೆಯ ಡೆಸ್ಕಿನಲ್ಲಿರುವ ನನ್ನ ಗೆಳೆಯರು ‘ಶವ ಪತ್ತೆ’ ಎಂದು ಬರೆದು ಅಲ್ಲಿಗೇ ನಿಲ್ಲಿಸಬೇಕು. ಜಾಗ ಉಳಿಯುತ್ತದೆ, ಜಾಹೀರಾತು ಹಾಕಿಕೊಳ್ಳಲಿ.

ಕಳೆದ ವರ್ಷ ಚಿಕ್ಕಮ್ಮನ ಪೋಸ್ಟ್‌ಮಾರ್ಟಂ ವರದಿಯನ್ನು ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರೊಬ್ಬರಿಗೆ ತೋರಿಸಿದೆ. ಎರಡೇ ಪುಟ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಇದರಿಂದ ಹೇಳಬಹುದಾದ್ದು, ನೀರಿಗೆ ಬೀಳುವಾಗ ಅವರಿಗೆ ಉಸಿರಿತ್ತು ಅಂತ. ಅದೂ ಬಹುಶಃ. ಬೇರೇನೂ ಹೇಳಕ್ಕಾಗಲ್ಲ’ ಎಂದರು. ಊರಿಗೆ ಹೋದಾಗ ಅಮ್ಮನಿಗೆ ಹಾಗೇ ಹೇಳಿದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ‘ಆ ಡಾಕ್ಟ್ರು ಇಷ್ಟನ್ನ ಆವತ್ತೇ ಹೇಳಿದ್ರೆ ನಿಮ್ಮ ತಾತ ಸಹಿ ಹಾಕ್ತಿರಲಿಲ್ಲ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಪೇಪರುಗಳನ್ನು ತಂದಿದ್ದೀಯಾ ಎಂದು ಕೇಳಿದಳು. ಕೊಟ್ಟೆ. ಕೈ ಒರೆಸಿಕೊಂಡು ಎದ್ದು, ಪತ್ರಿಕೆಯ ತುಣುಕನ್ನು ಮೇಲಿಟ್ಟು, ಟ್ರಂಕಿಗೆ ಹಾಕಿದಳು.